ನೀರಾ ಮತ್ತು ಸಂಜೆ ಸುಂಕ

ಗಾಂಜಾದ ಮಾತಿನಿಂದಲೇ ಶುರು ಮಾಡಬೇಕು, ಬೇರೆ ದಾರಿಯಿಲ್ಲ. ಗಾಬರಿಯಾಗಬೇಡಿ. ನಮ್ಮೂರಲ್ಲಿ ಅದನ್ನು ಬೆಳೆದವರಿಲ್ಲ, ಮಾರಿದವರಿಲ್ಲ, ಸೇದುವವರಿದ್ದರೂ ನನಗೆ ಹೇಳಿ ಸೇದುವುದಿಲ್ಲ. ಆ ಮಾತು ಬಂದದ್ದು ನಮ್ಮ ಗ್ರಾಮ ಪಂಚಾಯ್ತಿಯ ಸಭೆಯಲ್ಲಿ, ಅದೂ ಪಿಡಿಒ ಬಾಯಲ್ಲಿ. ಪಿಡಿಒ ಅಂದರೆ ಪಂಚಾಯ್ತಿಯ ಸರ್ಕಾರಿ ಅಧಿಕಾರಿ. ತುಮಕೂರಿನಿಂದ ದಿನಾ ಬೈಕಿನಲ್ಲಿ ಬಂದು ಹೋಗುವ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಆಗಷ್ಟೇ ತುಮಕೂರಿನಲ್ಲಿ ಅವರಿಗೆ ಪಂಚಾಯ್ತಿಗಳು ಸ್ವಂತ ಆದಾಯ ಹೆಚ್ಚಿಸಿಕೊಳ್ಳುವುದು ಹೇಗೆ ಎಂಬ ತರಬೇತಿ ಆಗಿತ್ತು. ಊಟದ ಹೊತ್ತಿನಲ್ಲಿ ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದಿದ್ದರು.

ಹೊರದೇಶದಲ್ಲಿ ಕೆಲವು ಕಡೆ ಗಾಂಜಾವನ್ನು ಕಾನೂನುಬದ್ಧ ಮಾಡಿದ್ದಾರಂತೆ. ಅಂಗಡಿಯಲ್ಲಿಟ್ಟು ಮಾರುತ್ತಾರಂತೆ. ಅಲ್ಲಿನ ಊರುಗಳ ಆಡಳಿತದವರು ಅದರ ಮೇಲೂ ತೆರಿಗೆ ಹಾಕಿ ರಸ್ತೆ, ಪಾರ್ಕು ಮಾಡಿಕೊಳ್ಳುತ್ತಾರಂತೆ. ನಾವು ನೋಡಿದರೆ ಮನೆ ಕಂದಾಯ ಕೇಳುವುದಕ್ಕೂ ನಾಚಿಕೊಳ್ಳುತ್ತೇವೆ ಎಂದು ಪಿಡಿಒ ಬೇಸರ ಮಾಡಿಕೊಂಡರು.

ಮೊದಲು ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಎಲ್ಲರ ಕಿವಿ ನೆಟ್ಟಗಾಯಿತು. ಹೇಗೆ ಹಾಕುತ್ತಾರೆ ಎಂದು ಅಧ್ಯಕ್ಷರು ಕೇಳಿದರು. ಬೆಳೆದ ಜಾಗ ಅಳೆದು ಹಾಕುವವರೂ ಇದ್ದಾರೆ, ಅಂಗಡಿಗೆ ಇಷ್ಟು ಎಂದು ಹಾಕುವವರೂ ಇದ್ದಾರೆ, ಮಾರಿದ್ದರ ಮೇಲೆ ಹಾಕುವವರೂ ಇದ್ದಾರೆ ಎಂದರು ಪಿಡಿಒ. ಇನ್ನು ಕೆಲವು ಊರಿನವರು ನಮ್ಮಲ್ಲಿ ಅಂಗಡಿಯೇ ಬೇಡ ಎಂದು ಬಾಗಿಲು ಹಾಕಿಕೊಂಡು, ಪಕ್ಕದ ಊರಿಗೆ ತೆರಿಗೆ ಹೋಗುವುದನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ ಎಂದೂ ಸೇರಿಸಿದರು. ಈ ಕೊನೆಯದು ನಮ್ಮ ಸದಸ್ಯರಿಗೆ ಚೆನ್ನಾಗಿ ಅರ್ಥವಾಯಿತು. ಬ್ರಾಂದಿ ಅಂಗಡಿ ವಿಚಾರದಲ್ಲಿ ನಾವೂ ಹಾಗೇ ಮಾಡಿದವರು.

ನಾನು ಆ ಸಭೆಯಲ್ಲಿದ್ದೆ. ನಮ್ಮ ವಾರ್ಡು ಮಹಿಳಾ ಮೀಸಲಾಗಿ ನನ್ನ ಹೆಸರು ಬಂದದ್ದು. ಸಹಿ ನಾನು ಹಾಕುವುದು, ಸಭೆಗೆ ತಾವು ಹೋಗುವುದು ಎಂದು ನನ್ನ ಯಜಮಾನರ ಲೆಕ್ಕವಿತ್ತು. ಮೊದಲ ಸಭೆಗೆ ನನ್ನ ಜೊತೆ ಬಂದು ಮುಂದಿನ ಕುರ್ಚಿಯಲ್ಲೇ ಕೂತರು. ಎರಡನೆಯ ಸಭೆಯ ಹೊತ್ತಿಗೆ ನಾನು ಹಾಲು ಕರೆಯುವ ಬಕೆಟ್ಟು ಅವರ ಕೈಗೆ ಕೊಟ್ಟು ಹೊರಟೆ. ಈಗ ಅವರಿಗೆ ಹಾಲು ಕರೆಯುವುದು ಚೆನ್ನಾಗಿ ಬರುತ್ತದೆ, ನನಗೆ ಸಭೆಯಲ್ಲಿ ಮಾತಾಡುವುದು ತಕ್ಕಮಟ್ಟಿಗೆ ಬರುತ್ತದೆ. ಇಬ್ಬರೂ ಸುಖವಾಗಿದ್ದೇವೆ.

ನಮ್ಮಲ್ಲಿ ಹೊಸದಾಗಿ ಕಾನೂನುಬದ್ಧ ಆಗಿರುವುದು ಏನಿದೆ ಎಂದು ಅಧ್ಯಕ್ಷರು ಕೇಳಿದರು. ಎಲ್ಲರೂ ಕಿಟಕಿಯಾಚೆ ನೋಡಿದರು. ಅಲ್ಲಿ ಸಂತೆ ಮೈದಾನ, ಹೊಂಗೆ ಮರ, ಮರದ ಕೆಳಗೆ ಬಣ್ಣದ ಛತ್ರಿ, ಛತ್ರಿಯ ಕೆಳಗೆ ನೀಲಿ ಐಸ್ ಬಾಕ್ಸು, ಬಾಕ್ಸಿನ ಪಕ್ಕದಲ್ಲಿ ನೀರಾದವಳು.

ನಮ್ಮದು ಗುಬ್ಬಿ ತಾಲ್ಲೂಕು. ನಿಟ್ಟೂರಿನ ರೈಲ್ವೆ ಗೇಟು ದಾಟಿ ಒಂದಿಷ್ಟು ದೂರ ಬಂದರೆ ನಮ್ಮೂರು. ಎಲ್ಲಿ ನೋಡಿದರೂ ತೆಂಗು. ತೆಂಗಿನ ಹೊಂಬಾಳೆಯಿಂದ ಇಳಿಸುವ ಸಿಹಿ ರಸವೇ ನೀರಾ. ಇಳಿಸಿದ ಕೂಡಲೇ ತಣ್ಣಗಿಟ್ಟರೆ ಮಕ್ಕಳೂ ಕುಡಿಯಬಹುದು. ಬಿಸಿಲಿಗೆ ಬಿಟ್ಟರೆ ಹುಳಿ ಬಂದು ಹೆಂಡವಾಗುತ್ತದೆ, ನಮ್ಮ ಕಡೆ ಹೆಂಡ ಮಾರುವಂತಿಲ್ಲ. ಆ ಭಯಕ್ಕೆ ನೀರಾವನ್ನೂ ಬಹಳ ಕಾಲ ಕಟ್ಟಿಹಾಕಿದ್ದರು. ಈಗ ಅಬಕಾರಿ ಇಲಾಖೆಯ ಪರವಾನಗಿ ಇದ್ದರೆ ಇಳಿಸಬಹುದು, ಮಾರಬಹುದು. ಗಾಂಜಾದ ಮಾತು ಹೊರದೇಶದಿಂದ ಹೊಂಗೆ ಮರದ ಬುಡಕ್ಕೆ ಬಂದದ್ದು ಹೀಗೆ.

ನೀರಾದವಳ ತವರು ಕುಣಿಗಲ್ ಕಡೆ. ಅವಳ ಹಿರಿಯರು ಹೆಂಡ ಇಳಿಸುತ್ತಿದ್ದವರು. ಆ ಕಸುಬು ನಿಂತು ಎಷ್ಟೋ ಕಾಲವಾದರೂ ಹೆಂಡದವರು ಎಂಬ ಹೆಸರು ನಿಂತಿರಲಿಲ್ಲ. ಗಂಡ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಮಧ್ಯಾಹ್ನದ ಶಿಫ್ಟು. ಬೆಳಗಿನ ಜಾವ ಮರ ಹತ್ತಿ ನೀರಾ ಇಳಿಸಿಕೊಟ್ಟು ಕೆಲಸಕ್ಕೆ ಹೋಗುತ್ತಾನೆ. ತೆಂಗು ಬೆಳೆಗಾರರು ಸೇರಿ ಮಾಡಿಕೊಂಡ ಕಂಪನಿಯ ಮೂಲಕ ಇಬ್ಬರೂ ತರಬೇತಿ ಮಾಡಿ ಪರವಾನಗಿ ಪಡೆದಿದ್ದರು. ಉಳಿದ ದಿನ ಕಂಪನಿಯ ವ್ಯಾನು ಬಂದು ತುಂಬಿಕೊಂಡು ಹೋಗುತ್ತದೆ. ಸೋಮವಾರ, ಸಂತೆಯ ದಿನ, ಅವಳೇ ಮಾರುತ್ತಾಳೆ. ಆ ಪರವಾನಗಿಯನ್ನು ಪ್ಲಾಸ್ಟಿಕ್ ಹಾಕಿಸಿ ಛತ್ರಿಯ ಕಡ್ಡಿಗೆ ಕಟ್ಟಿದ್ದಳು. ಗಿರಾಕಿ ಲೋಟ ಎತ್ತುವ ಮೊದಲು ಅದರ ಕಡೆ ಒಂದು ಸಲ ಕೈ ತೋರಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಛತ್ರಿ ಮಡಚಿ, ಉಳಿದದ್ದನ್ನು ಮನೆಗೆ ಒಯ್ದು ಕಾಯಿಸಿ ಬೆಲ್ಲ ಮಾಡುತ್ತಿದ್ದಳು. ಆ ಬೆಲ್ಲದಲ್ಲಿ ನಾನು ಮಾಡಿದ ಕಾಯಿ ಹೋಳಿಗೆ ತಿಂದವರು ಮತ್ತೆ ಕೇಳದೆ ಎದ್ದದ್ದಿಲ್ಲ.

ಸಭೆಯಲ್ಲಿ ತೆರಿಗೆಯ ಪರವಾಗಿ ಮೊದಲು ಕೈ ಎತ್ತಿದವಳು ನಾನೇ. ಅದಕ್ಕೆ ಕಾರಣವಿತ್ತು. ನಮ್ಮ ಸಂತೆಗೆ ಹೆಬ್ಬೂರು ಕಡೆಯಿಂದ ಕೂಡ ಸೊಪ್ಪು, ಹೂವು, ತರಕಾರಿ ತರುವ ಹೆಂಗಸರು ಬರುತ್ತಾರೆ. ಬೆಳಿಗ್ಗೆ ಬಂದು ಕೂತವರು ಕತ್ತಲಾಗುವ ತನಕ ನೀರು ಕುಡಿಯುವುದಿಲ್ಲ. ಯಾಕೆ ಅಂತ ಗಂಡಸರು ಎಂದೂ ಕೇಳಿದವರಲ್ಲ. ಮೈದಾನದಲ್ಲಿ ಹೆಂಗಸರಿಗೆ ಒಂದು ಶೌಚಾಲಯ ಕಟ್ಟಿಸಿ ಎಂದು ನಾನು ಬಾಯಿ ನೋಯುವಷ್ಟು ಹೇಳಿದ್ದೆ. ಪ್ರತಿ ಸಲವೂ ಅನುದಾನ ಇಲ್ಲ ಎಂಬ ಒಂದೇ ರಾಗ. ನೀರಾ ಸುಂಕದ ದುಡ್ಡು ಅದಕ್ಕೇ ಹೋಗಬೇಕು ಎಂಬ ಷರತ್ತು ಹಾಕಿಯೇ ನಾನು ಒಪ್ಪಿದೆ.

ಆಮೇಲೆ ಶುರುವಾಯಿತು ಯಾವ ಲೆಕ್ಕದಲ್ಲಿ ಹಾಕುವುದು ಎಂಬ ಚರ್ಚೆ. ಮರಕ್ಕಿಷ್ಟು ಎಂದು ಹಾಕೋಣ ಎಂದರು ಪಿಡಿಒ. ಕೂತಿದ್ದ ಸದಸ್ಯರೆಲ್ಲ ತೆಂಗಿನ ತೋಟದವರು. ಇವತ್ತು ನೀರಾ ಇಳಿಸುವ ಮರಕ್ಕೆ ಹಾಕಿದರೆ ನಾಳೆ ಕಾಯಿ ಬಿಡುವ ಮರಕ್ಕೂ ಬರುತ್ತೀರಿ ಎಂದು ಎದ್ದು ನಿಂತರು. ಅಂಗಡಿಗಿಷ್ಟು ಎಂದರೆ ಅವಳಿಗೆ ಅಂಗಡಿಯೇ ಇಲ್ಲ, ಛತ್ರಿಗೆ ತೆರಿಗೆ ಹಾಕಲಾಗುತ್ತದೆಯೇ ಎಂದು ಒಬ್ಬರು ಕೇಳಿದರು. ಕೊನೆಗೆ ಯಾರ ತೋಟಕ್ಕೂ ಬಿಸಿ ಮುಟ್ಟದ ದಾರಿ ಎಂದರೆ ಮಾರಿದ್ದರ ಮೇಲೆ ಹಾಕುವುದು ಎಂದಾಯಿತು. ಬೆಳಿಗ್ಗೆ ತಂದದ್ದು ಎಷ್ಟು, ಸಂಜೆ ಉಳಿದದ್ದು ಎಷ್ಟು ಎಂದು ಅಳೆಯುವುದು. ನಡುವಿನದು ಮಾರಾಟ. ಅದಕ್ಕೆ ಸುಂಕ.

ಸಂಜೆ ಯಾಕೆ ಎಂದು ಹೊರಗಿನವರು ಕೇಳಬಹುದು, ನಮ್ಮವರು ಯಾರೂ ಕೇಳಲಿಲ್ಲ. ನಮ್ಮ ಸಂತೆಯಲ್ಲಿ ಸುಂಕ ಎತ್ತುವುದು ಸಂಜೆಯೇ. ಮಾರುವವರ ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಕೇಳಬೇಕು. ಬೋಣಿ ಆಗುವ ಮೊದಲು ಸುಂಕಕ್ಕೆ ಕೈ ಚಾಚಿದರೆ ಆ ಸಂತೆಗೆ ಏಳಿಗೆಯಿಲ್ಲ ಎಂದು ನನ್ನ ಅತ್ತೆಯವರ ಕಾಲದಿಂದಲೂ ನಂಬಿಕೆ.

ನೀರಾದವಳನ್ನು ಕರೆಸಿ ಬಾಗಿಲ ಬಳಿ ನಿಲ್ಲಿಸಿ ತೀರ್ಮಾನ ಹೇಳಿದರು. ಸಂಜೆ ತನಕ ಇಟ್ಟುಕೊಂಡಿರಬೇಕೇ ಎಂದು ಅವಳು ಕೇಳಿದಳು. ಐಸ್ ಬಾಕ್ಸ್ ಇದೆಯಲ್ಲಮ್ಮ ಎಂದರು ಅಧ್ಯಕ್ಷರು. ಆ ನೀಲಿ ಬಾಕ್ಸಿನ ಮೇಲೆ ನಮಗೆಲ್ಲ ಅಷ್ಟು ವಿಶ್ವಾಸ. ಹುಟ್ಟಿದಾಗಿನಿಂದ ತೆಂಗಿನ ಮರದ ಕೆಳಗೇ ಬೆಳೆದ ನಾವು, ಪ್ಲಾಸ್ಟಿಕ್ಕಿನ ಡಬ್ಬಿಯೊಂದು ಬಂದದ್ದೇ ತಡ, ಬಿಸಿಲಿಗೆ ನೀರಾ ಏನಾಗುತ್ತದೆ ಎಂಬುದನ್ನೇ ಮರೆತುಬಿಟ್ಟಿದ್ದೆವು. ಅವಳು ತಲೆ ಆಡಿಸಿ ಹೋದಳು.

ಸುಂಕ ಎತ್ತುವವರು ನನ್ನ ಭಾವ, ಯಜಮಾನರ ಅಣ್ಣ. ಪ್ರತಿ ವರ್ಷ ಹರಾಜಿನಲ್ಲಿ ಸಂತೆಯ ಸುಂಕ ಅವರೇ ಹಿಡಿಯುವುದು. ಅದರಲ್ಲಿ ಅವರಿಗೆ ಹೇಳಿಕೊಳ್ಳುವಂಥ ಲಾಭವೇನೂ ಇಲ್ಲ. ನನ್ನ ಓರಗಿತ್ತಿ ತೀರಿಕೊಂಡ ಮೇಲೆ ಅವರು ಮನೆಯಿಂದ ಹೊರಗೆ ಬರುತ್ತಿದ್ದುದು ಎರಡೇ ಕೆಲಸಕ್ಕೆ, ಮಠಕ್ಕೆ ಮತ್ತು ಸಂತೆಗೆ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಗೋಡೆ. ಎರಡು ಹೊತ್ತು ಲಿಂಗಪೂಜೆ, ಹಣೆ ತುಂಬ ವಿಭೂತಿ, ಹಾಲು ಬಿಟ್ಟರೆ ಕಾಫಿ ಕೂಡ ಇಲ್ಲ. ಸೋಮವಾರ ಒಪ್ಪೊತ್ತು. ರಾತ್ರಿ ಪೂಜೆ ಮುಗಿಸಿಯೇ ಊಟ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಸುಂಕದ ವಿಷಯದಲ್ಲಿ ಒಂದು ರೂಪಾಯಿ ಹೆಚ್ಚು ಕೇಳುವವರಲ್ಲ, ಒಂದು ರೂಪಾಯಿ ಬಿಡುವವರೂ ಅಲ್ಲ.

ಅಂಥವರ ಕೈಗೆ ನೀರಾ ಅಳೆಯುವ ಕೆಲಸ ಹೋಯಿತು. ಅಳೆಯುವುದೆಂದರೆ ಸರಿಯಾಗಿಯೇ ಅಳೆಯಬೇಕು ಎಂಬುದು ಅವರ ಗುಣ. ಐಸ್ ಬಾಕ್ಸಿನೊಳಗಿನ ಕ್ಯಾನಿನಲ್ಲಿ ಉಳಿದಿರುವುದು ನೀರಾವೋ, ಸುಂಕ ಉಳಿಸಲು ತುಂಬಿಸಿದ ಬರೀ ನೀರೋ ಎಂದು ತಿಳಿಯಬೇಕಾದರೆ ರುಚಿ ನೋಡಬೇಕಲ್ಲ. ನೀರಾ ಎಂದರೆ ಎಳನೀರಿನ ಹಾಗೆ, ಒಪ್ಪೊತ್ತಿಗೆ ಅಡ್ಡಿಯಿಲ್ಲ ಎಂದು ಅವರೇ ತೀರ್ಮಾನಿಸಿಕೊಂಡರು. ಬೆಳಗಿನಿಂದ ಖಾಲಿ ಹೊಟ್ಟೆ. ಒಂದು ಲೋಟ ಕುಡಿದರು.

ಆ ಸೋಮವಾರ ರಾತ್ರಿ ಗೋಡೆಯಾಚೆ ಪೂಜೆಯ ಗಂಟೆ ಶುರುವಾದದ್ದು ನಿಲ್ಲಲೇ ಇಲ್ಲ. ನನ್ನ ಯಜಮಾನರು ಅನ್ನ ಕಲಸುತ್ತಾ ಕಲಸುತ್ತಾ ಗೋಡೆಯನ್ನೇ ನೋಡಿದರು. ಪೂಜೆ ಮುಗಿಸಿ ಭಾವ ನಮ್ಮ ಜಗಲಿಗೆ ಬಂದು ಕೂತರು, ಓರಗಿತ್ತಿ ಹೋದ ಮೇಲೆ ಮೊದಲ ಸಲ. ಮುಖದಲ್ಲಿ ಒಂಥರಾ ಕಳೆ. ಇವತ್ತು ಪೂಜೆಯಲ್ಲಿ ಮನಸ್ಸು ಕೂತಿತು, ಎಷ್ಟು ವರ್ಷದಿಂದ ಹೀಗೆ ಕೂತಿರಲಿಲ್ಲ ಎಂದರು. ಕಣ್ಣು ಒದ್ದೆಯಾಗಿತ್ತು. ಓರಗಿತ್ತಿಯ ಕೈಯಡಿಗೆ ನೆನೆಸಿಕೊಂಡರು, ನನ್ನ ಸಾರನ್ನು ಹೊಗಳಿದರು. ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು. ನಾನು ದೇವರ ಮುಂದೆ ಕೂತರೆ ಒಲೆಯ ಮೇಲಿನ ಹಾಲು, ಸಭೆ, ಹಸುವಿನ ಕೆಚ್ಚಲು ಎಲ್ಲ ಕಣ್ಣ ಮುಂದೆ ಬರುತ್ತವೆ.

ಮುಂದಿನ ಸೋಮವಾರ ನೀರಾ ಅಳೆದ ಮೇಲೆ ಭಾವ ಸೊಪ್ಪಿನಜ್ಜಿಗೆ ಸುಂಕ ಬಿಟ್ಟರು. ಸಂತೆಯ ಮೂಲೆಯಲ್ಲಿ ದಂಟು, ಕೀರೆ, ಸಬ್ಬಸಿಗೆ ಇಟ್ಟುಕೊಂಡು ಕೂರುವ ಮುದುಕಿ ಅವಳು. ನಿನ್ನ ಹತ್ತಿರ ಏನು ಇಸ್ಕೊಳ್ಳೋದು ತಾಯಿ ಎಂದು ಕೈ ಮುಗಿದು ಮುಂದೆ ಹೋದರಂತೆ. ಸಂತೆಯಲ್ಲಿ ಇಂಥ ಸುದ್ದಿ ನಿಲ್ಲುತ್ತದೆಯೇ? ಅದರ ಮುಂದಿನ ವಾರ ಈರುಳ್ಳಿಯವರು, ಬಳೆಯವರು, ಬಟ್ಟೆಯವರು ಎಲ್ಲರೂ ಮೊದಲು ನೀರಾ ಅಳೆದು ಬನ್ನಿ ಸ್ವಾಮಿ, ಆಮೇಲೆ ನಮ್ಮದು ಕೊಡುತ್ತೇವೆ ಎಂದು ಕೂತರು. ನೀರಾ ಅಳೆದು ಬಂದ ಭಾವ ಅವರ ಮಕ್ಕಳ ಓದು ಕೇಳಿದರು, ಮೊಣಕಾಲು ನೋವು ಕೇಳಿದರು, ಸುಂಕ ಕೇಳುವುದನ್ನು ಮರೆತರು. ತೆರಿಗೆ ಹಾಕಿದ್ದು ನೀರಾದ ಮೇಲೆ, ಕರಗಿಹೋದದ್ದು ಇಡೀ ಸಂತೆಯ ಸುಂಕ.

ಅವತ್ತು ನಾನು ಹೂವಿಗೆಂದು ಸಂತೆಗೆ ಹೋಗಿದ್ದವಳು ಹೊಂಗೆ ಮರದ ಹತ್ತಿರ ಹೋದೆ. ಭಾವ ಆಗಷ್ಟೇ ಅಲ್ಲಿಂದ ಹೊರಟಿದ್ದರು. ಕ್ಯಾನಿನ ಮುಚ್ಚಳ ತೆಗೆದೇ ಇತ್ತು. ಒಳಗೆ ಬಿಳಿ ನೊರೆ ಎದ್ದು ಸಣ್ಣಗೆ ಚುಯ್ ಎನ್ನುತ್ತಿತ್ತು. ಮೂಗಿಗೆ ವಾಸನೆ ಬಡಿಯಿತು. ಐಸ್ ಬಾಕ್ಸಿನಲ್ಲಿ ಐಸ್ ಇರಲಿಲ್ಲ, ಉಗುರುಬೆಚ್ಚಗಿನ ನೀರಿತ್ತು. ಬೆಳಗಿನಿಂದ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದ ಡಬ್ಬಿಯಲ್ಲಿ ಇನ್ನೇನು ಉಳಿದೀತು? ಭಾವನ ಗಂಟೆ, ಒದ್ದೆ ಕಣ್ಣು, ನನ್ನ ಸಾರಿನ ಹೊಗಳಿಕೆ ಎಲ್ಲ ಒಂದೇ ಸಲಕ್ಕೆ ಅರ್ಥವಾಯಿತು.

ನೀರಾದವಳು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ನನ್ನ ಸಿಟ್ಟು ನನಗೇ ಗೊತ್ತು, ಯಾರ ಮೇಲೆ ಬರಬೇಕೋ ಅವರ ಮೇಲೆ ಬರುವುದಿಲ್ಲ.

"ಹೆಂಗ್ ಹೇಳ್ಲಿ ಅಕ್ಕ? ಸಂಜೆಗೆ ಹೆಂಡ ಆಯ್ತದೆ ಅಂತ ನನ್ ಬಾಯಲ್ಲಿ ಬಂದ್ರೆ, ನೋಡಿ ಹೆಂಡದವಳು ಅಂತಾರೆ. ಆ ಹೆಸ್ರು ಕಳ್ಕೊಳಾಕೆ ಅಂತಾನೇ ಈ ಕಾಗ್ದ ಮಾಡಿಸ್ಕೊಂಡಿರೋದು ನಾವು" ಎಂದಳು. ಛತ್ರಿಗೆ ಕಟ್ಟಿದ್ದ ಪರವಾನಗಿಯನ್ನು ಅವಳು ಆಗ ಕೈಯಿಂದ ತೋರಿಸಲಿಲ್ಲ, ಕಣ್ಣಿನಿಂದಷ್ಟೇ ತೋರಿಸಿದಳು.

ಮಧ್ಯಾಹ್ನದ ಮೇಲೆ ಅವಳು ಯಾರಿಗೂ ಒಂದು ಲೋಟ ಮಾರುತ್ತಿರಲಿಲ್ಲವಂತೆ. ಖಾಲಿಯಾಯಿತು ಎಂದು ಹೇಳಿ, ಉಳಿದದ್ದನ್ನು ಅಳತೆಗಾಗಿ ಇಟ್ಟುಕೊಂಡು ಕೂರುತ್ತಿದ್ದಳು. ಭಾವ ಲೋಟ ಎತ್ತಿದಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತಂತೆ. ಬೇಡಿ ಯಜಮಾನ್ರೇ ಎಂದರೆ, ನೀರು ಬೆರೆಸಿದ್ದೀಯಾ ಎನ್ನುತ್ತಿದ್ದರಂತೆ. ಅಬಕಾರಿಯವರು ಸಂಜೆ ಬಂದು ಆ ಮುಚ್ಚಳ ತೆಗೆದರೆ ಪರವಾನಗಿ ಹೋಗುತ್ತದೆ. ಪರವಾನಗಿ ಜೊತೆ ಸಂತೆಯ ಜಾಗವೂ, ಹೆಸರೂ ಹೋಗುತ್ತದೆ. ಗಂಡನ ಸಂಬಳದಲ್ಲಿ ಹೇಗೋ ಬದುಕಬಹುದು, ಈ ಛತ್ರಿ ಮಾತ್ರ ನನ್ನದು ಅಂದಳು. ಆ ಮಾತು ನನಗೆ ನಾಟಿತು. ಹಾಲಿನ ಬಕೆಟ್ಟು ಯಜಮಾನರ ಕೈಗೆ ಕೊಟ್ಟು ಹೊರಟ ದಿನ ನನಗೂ ಹೀಗೇ ಅನ್ನಿಸಿತ್ತು.

ಮಾರನೆಯ ದಿನವೇ ಅಧ್ಯಕ್ಷರ ಕಿವಿಗೆ ಸುದ್ದಿ ಮುಟ್ಟಿತು, ಅರ್ಧ ಮಾತ್ರ. ಭಾವನ ವಿಷಯ ಹೇಳುವ ಧೈರ್ಯ ಯಾರಿಗೂ ಇಲ್ಲ. ಸಂಜೆಯ ನೀರಾದಲ್ಲಿ ಏನೋ ಇದೆ ಎಂದಷ್ಟೇ ಯಾರೋ ಹೇಳಿದ್ದರು. ಅಧ್ಯಕ್ಷರು ಕೆಟ್ಟವರಲ್ಲ, ಆದರೆ ಹೆದರುವವರು. ಪಂಚಾಯ್ತಿ ಸುಂಕ ಎತ್ತುವ ಜಾಗದಲ್ಲಿ ಹೆಂಡ ಸಿಕ್ಕಿತು ಎಂದು ತುಮಕೂರಿನ ತನಕ ಹೋದರೆ ತಮ್ಮ ತಲೆಗೆ ಬರುತ್ತದೆ ಎಂದು ಶುಕ್ರವಾರಕ್ಕೇ ಸಭೆ ಕರೆದರು.

ಇತ್ತ ನನ್ನ ಕಷ್ಟ ನೋಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಭಾವನ ಮಾನ ಹೋಗುತ್ತದೆ. ಮಠದವರು ತಲೆ ಮೇಲೆ ಕೈ ಇಟ್ಟು ಹರಸುವ ಮನುಷ್ಯ, ಸೋಮವಾರದ ದಿನ ಹೆಂಡ ಕುಡಿದು ಪೂಜೆಗೆ ಕೂತರು ಎಂದು ಯಾರ ಮುಂದೆ ಹೇಳುವುದು? ಹೇಳದೆ ಇದ್ದರೆ ಅವಳ ಛತ್ರಿ ಹೋಗುತ್ತದೆ. ನಿಯಮ ಬದಲಾಗಬೇಕು, ಕಾರಣ ಗೊತ್ತಾಗಬಾರದು. ಎರಡು ದಿನ ಅದೇ ಯೋಚನೆಯಲ್ಲಿ ಸಾರಿಗೆ ಉಪ್ಪು ಹಾಕುವುದನ್ನೂ ಮರೆತೆ. ಯಜಮಾನರು ಏನೂ ಹೇಳದೆ ಉಂಡರು. ಹೇಳಿದ್ದರೆ ಜಗಳವಾದರೂ ಆಗಿ ನನಗೆ ಹಗುರವಾಗುತ್ತಿತ್ತು.

ಗುರುವಾರ ಸಂಜೆ ಭಾವನಿಗೆ ಹಾಲು ಕೊಡಲು ಹೋದಾಗ ಧೈರ್ಯ ಮಾಡಿದೆ. ಬರುವ ಸೋಮವಾರ ನೀರಾದ ರುಚಿ ನೋಡಬೇಡಿ ಭಾವ ಎಂದೆ. ಯಾಕಮ್ಮ ಎಂದರು. ಸಂಜೆ ಹೊತ್ತಿಗೆ ಅದು ಕೊಂಚ ಹುಳಿ ಬಂದಿರುತ್ತದೆ ಎಂದು ನೆಲ ನೋಡಿಕೊಂಡು ಹೇಳಿದೆ. ಅವರು ಹಾಲಿನ ಲೋಟ ಹಿಡಿದುಕೊಂಡೇ ಒಳಗೆ ಹೋದರು. ಅವತ್ತಿನ ಪೂಜೆಯಲ್ಲಿ ಗಂಟೆಯ ಸದ್ದು ಕೇಳಿತೋ ಇಲ್ಲವೋ ಎನ್ನುವಷ್ಟಿತ್ತು. ನಾನು ಮಾಡಬಾರದ್ದು ಮಾಡಿದೆನೇನೋ ಎಂದು ಸಂಕಟಪಟ್ಟೆ.

ಶುಕ್ರವಾರದ ಸಭೆಗೆ ಸುಂಕ ಹಿಡಿದವರೆಂದು ಭಾವನನ್ನೂ ಕರೆದಿದ್ದರು. ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂತಿದ್ದರು. ಬಾಗಿಲ ಹೊರಗೆ ಮೆಟ್ಟಿಲ ಹತ್ತಿರ ನೀರಾದವಳು. ನಾನು ಮೊದಲೇ ಎದ್ದು ನನ್ನ ಸೂಚನೆ ಹೇಳಿದೆ. ಮಾರಾಟದ ಲೆಕ್ಕ ಬಿಡೋಣ, ಬೆಳಿಗ್ಗೆ ತಂದ ಕ್ಯಾನಿಗೆ ಇಷ್ಟು ಎಂದು ಬೆಳಿಗ್ಗೆಯೇ ಇಸಿದುಕೊಳ್ಳೋಣ, ಮಧ್ಯಾಹ್ನ ಅವಳು ಮನೆಗೆ ಹೋಗಲಿ ಎಂದೆ. ಬೋಣಿ ಆಗುವ ಮುಂಚೆ ಸುಂಕವೇ ಎಂದು ನಾಲ್ಕು ಕಡೆಯಿಂದ ಮಾತು ಬಂತು. ಒಬ್ಬಳಿಗೆ ಶುರು ಮಾಡಿದರೆ ನಾಳೆ ಎಲ್ಲರನ್ನೂ ಬೆಳಿಗ್ಗೆಯೇ ಕೇಳುತ್ತಾರೆ ಎಂದು ಯಾರೂ ಸಂತೆಗೇ ಬರುವುದಿಲ್ಲ ಎಂದರು. ನನ್ನ ಹತ್ತಿರ ಇದ್ದ ಉತ್ತರ ಹೇಳುವಂತಿರಲಿಲ್ಲ. ಅಧ್ಯಕ್ಷರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಇದೆಲ್ಲ ಬೇಡ, ಬರುವ ಸೋಮವಾರ ಸಂಜೆ ಗುಬ್ಬಿಯಿಂದ ಅಬಕಾರಿಯವರನ್ನೇ ಕರೆಸಿ ಕ್ಯಾನು ತೋರಿಸಿಬಿಡೋಣ, ತಪ್ಪಿದ್ದರೆ ಅವಳು ಜಾಗ ಖಾಲಿ ಮಾಡಲಿ ಎಂದರು. ಬಾಗಿಲ ಹೊರಗೆ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ನನಗೆ ಕಂಡಿತು.

ಭಾವ ಎದ್ದು ನಿಂತರು.

"ಅಬಕಾರಿಯವ್ರನ್ನ ಕರ್ಸಿ ಅಧ್ಯಕ್ಷ್ರೇ, ಕರ್ಸಿದಾಗ ನನ್ ಹೆಸ್ರೂ ಹೇಳಿ. ಆ ಕ್ಯಾನಲ್ಲಿ ಉಳ್ದಿದ್ದನ್ನ ಕುಡ್ದವನು ನಾನು. ಮೂರು ಸೋಮವಾರ, ಒಪ್ಪೊತ್ತಲ್ಲಿ ಕುಡ್ದಿದೀನಿ. ಅವಳು ಬೇಡ ಅಂದ್ಲು, ನಾನು ಕೇಳಲಿಲ್ಲ. ಮಧ್ಯಾಹ್ನಕ್ಕೇ ಮನೆಗೆ ಹೋಗಿ ಬೆಲ್ಲ ಕಾಯಿಸ್ತಿದ್ದೋಳನ್ನ ಸಂಜೆಗಂಟ ಕೂರ್ಸಿದ್ದು ನಾವು. ಬೆಲ್ಲ ಆಗ್ಬೇಕಾಗಿದ್ದನ್ನ ಹೆಂಡ ಮಾಡಿದ್ದು ನಮ್ ಸುಂಕ. ಅವಳದೇನೈತೆ ಅದ್ರಲ್ಲಿ?"

ಇಷ್ಟು ಉದ್ದ ಮಾತನ್ನು ಅವರು ಒಂದೇ ಸಲಕ್ಕೆ ಆಡಿದ್ದು ನಾನು ಕೇಳಿದ್ದೇ ಇಲ್ಲ. ಯಾರಾದರೂ ನಕ್ಕರೆ ಅವರಿಗೊಂದು ಗತಿ ಕಾಣಿಸಬೇಕೆಂದು ನಾನು ಸುತ್ತ ಕಣ್ಣಾಡಿಸಿದೆ. ಯಾರೂ ನಗಲಿಲ್ಲ. ಪಿಡಿಒ ಪೆನ್ನು ಕೆಳಗಿಟ್ಟು, ಹಾಗಾದರೆ ತಪ್ಪು ತಮ್ಮ ಲೆಕ್ಕಾಚಾರದ್ದು ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಮೊದಲ ಸಲ ಆ ಮನುಷ್ಯನ ಮಾತಿಗೆ ಇಸ್ತ್ರಿ ಇರಲಿಲ್ಲ. ಅಧ್ಯಕ್ಷರು ನೀರು ಕುಡಿದರು. ಕ್ಯಾನಿಗೆ ಇಷ್ಟು ಎಂದು ಬೆಳಿಗ್ಗೆಯೇ ಸುಂಕ ಎಂದು ಒಪ್ಪಿದರು. ಆದರೆ ಬೋಣಿಯ ವಿಷಯ ಏನು ಮಾಡುವುದು ಎಂದು ಮತ್ತೆ ತಲೆ ಕೆರೆದುಕೊಂಡರು.

"ಬೋಣಿ ನಾನೇ ಮಾಡ್ತೀನಿ. ಆಮೇಲೆ ಸುಂಕ ಇಸ್ಕೊತೀನಿ" ಎಂದರು ಭಾವ.

ಈಗ ಹಾಗೇ ನಡೆಯುತ್ತಿದೆ. ಸೋಮವಾರ ಬೆಳಗಿನ ಪೂಜೆ ಮುಗಿಸಿ ಭಾವ ನೇರ ಹೊಂಗೆ ಮರಕ್ಕೆ ಹೋಗುತ್ತಾರೆ. ಅವಳು ತಣ್ಣನೆಯ ನೀರಾ ಲೋಟಕ್ಕೆ ಬಗ್ಗಿಸುತ್ತಾಳೆ. ಅವರು ಕುಡಿದು, ದುಡ್ಡು ಕೊಡುತ್ತಾರೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಸೊಂಟದ ಚೀಲಕ್ಕೆ ಹಾಕುತ್ತಾಳೆ. ಆಮೇಲೆ ಅವರು ಸುಂಕ ಕೇಳುತ್ತಾರೆ. ಭಾವನ ಕೈ ಬೋಣಿಗೆ ಒಳ್ಳೆಯದು ಎಂದು ಸಂತೆಯಲ್ಲಿ ಹೆಸರಾಗಿ, ಬಳೆಯವರೂ ಈರುಳ್ಳಿಯವರೂ ನಮ್ಮದೂ ಬೋಣಿ ಮಾಡಿ ಸ್ವಾಮಿ ಎನ್ನತೊಡಗಿದ್ದಾರೆ. ಬಳೆ ತೆಗೆದುಕೊಂಡು ನಾನೇನು ಮಾಡಲಿ ಎಂದು ನನಗೆ ತಂದುಕೊಡುತ್ತಾರೆ. ನನ್ನ ಕೈಯಲ್ಲೀಗ ಬಣ್ಣ ಬಣ್ಣದ ಬಳೆ. ಹೆಂಗಸರ ಶೌಚಾಲಯಕ್ಕೆ ಗೋಡೆ ಎದ್ದಿದೆ, ಬಾಗಿಲು ಬಂದಿದೆ, ನಲ್ಲಿಗೆ ಜಗಳ ನಡೆದಿದೆ. ಆ ಜಗಳ ನಾನು ಗೆಲ್ಲುತ್ತೇನೆ.

ಹೋದ ಸೋಮವಾರ ರಾತ್ರಿ ಭಾವ ನಮ್ಮ ಜಗಲಿಗೆ ಬಂದರು. ಈಗೀಗ ಬರುತ್ತಾರೆ. ಯಜಮಾನರು ಕೊಟ್ಟಿಗೆಯಲ್ಲಿದ್ದರು. ಹಾಲಿನ ಲೋಟ ಕೈಗೆ ಕೊಟ್ಟಾಗ ಅವರು ಕುಡಿಯದೆ ಅದನ್ನೇ ನೋಡುತ್ತಾ ಕೂತರು.

"ಆ ಮೂರು ವಾರ ಶಿವನೇ ಹತ್ರ ಬಂದ ಅಂದ್ಕೊಂಡಿದ್ದೆ ಕಣಮ್ಮ" ಎಂದರು.

ಅಂದು ಸಭೆಯಲ್ಲಿ ಅವರು ಬಿಟ್ಟುಕೊಟ್ಟದ್ದು ಮಾನವನ್ನು ಎಂದಷ್ಟೇ ನಾನು ಇಷ್ಟು ದಿನ ತಿಳಿದಿದ್ದೆ. ಸೊಪ್ಪಿನಜ್ಜಿಗೆ ಆ ದಿನ ಸುಂಕ ಬಿಟ್ಟದ್ದು ಒಳ್ಳೆಯದೇ ಆಯಿತಲ್ಲ ಭಾವ ಎಂದೆ. ಅವರು ತಲೆ ಎತ್ತಿದರು. ನಿಧಾನವಾಗಿ ಮುಖ ಅರಳಿತು.

"ಅದೊಂದು ಅವನೇ ಬಿಡ್ಸಿದ್ದು. ಹಂಗಂತ ಇಟ್ಕೊಂಡಿದೀನಿ" ಎಂದು ಹಾಲು ಕುಡಿದು ಎದ್ದರು.

ಅದು ನಿಜವಿರಬೇಕು. ಒಂದು ರೂಪಾಯಿ ಬಿಡದ ಮನುಷ್ಯ ಈಗಲೂ ಪ್ರತಿ ಸೋಮವಾರ ಸಂಜೆ, ಬರೀ ಬೆಳಗಿನ ನೀರಾ ಕುಡಿದ ಹೊಟ್ಟೆಯಲ್ಲಿ, ಸೊಪ್ಪಿನಜ್ಜಿಯ ಮುಂದೆ ಬಂದಾಗ ಕೈ ಮುಗಿದು ಮುಂದೆ ಹೋಗುತ್ತಾರೆ.